ಹನ್ನೊಂದನೇ ತಾರೀಕು

ಸ್ವಾನ್ಸಿಯ ಕೊಲ್ಲಿಯಲ್ಲಿ ದಿನಕ್ಕೆರಡು ಸಲ
ನೀರು ಇಳಿದು ಕೆಸರು ಬಯಲಾಗುತ್ತದೆ.
ಎರಡು ಸಲವೂ ಮರಳಿ ಬರುತ್ತದೆ,
ಯಾರೂ ಅರ್ಜಿ ಗೀಚದೆ, ಯಾರೂ ಫೋನು ಹಿಡಿದು ಕೂರದೆ.

ನನ್ನ ಖಾತೆಯದು ಬೇರೆ ಸಮುದ್ರ.
ಹನ್ನೊಂದನೇ ತಾರೀಕು ಗ್ಯಾಸ್ ಕಂಪನಿ
ತೊಂಬತ್ತನಾಲ್ಕು ಪೌಂಡು ಎಳೆದುಕೊಂಡಿತು.
ಅದೇ ದಿನ, ಕೆಳಗಿನ ಸಾಲಿನಲ್ಲಿ,
ಮತ್ತೆ ತೊಂಬತ್ತನಾಲ್ಕು.
ಕನ್ನಡಕದ ದೋಷವೆಂದುಕೊಂಡು
ಸ್ವೆಟರಿನ ಅಂಚಿನಲ್ಲಿ ಒರೆಸಿ ನೋಡಿದೆ.
ತಾರೀಕೇ ಹಾಗಿತ್ತಲ್ಲ, ಒಂದರ ಪಕ್ಕ ಒಂದು.

ಬೆಳಿಗ್ಗೆ ಎಂಟು ನಲವತ್ತಕ್ಕೆ ಶಾಲೆಯ ಮುಂದೆ
ಹಳದಿ ಕೋಟು ತೊಟ್ಟು ಕೋಲು ಎತ್ತುವವಳು ನಾನು.
ಸಿಮೆಂಟಿನ ಲಾರಿ ನಿಲ್ಲುತ್ತದೆ, ಬಸ್ಸು ನಿಲ್ಲುತ್ತದೆ,
ಅವಸರದ ಡಾಕ್ಟರ ಕಾರು ಗುರುಗುಟ್ಟುತ್ತ ನಿಲ್ಲುತ್ತದೆ.
ಎರಡನೇ ತೊಂಬತ್ತನಾಲ್ಕು ಮಾತ್ರ
ನನ್ನ ಮೂಗಿನಡಿಯೇ ದಾಟಿ ಹೋಯಿತು,
ಕೋಲಿಗೆ ಕ್ಯಾರೇ ಎನ್ನದೆ.

ಮಾರನೆಯ ದಿನ ಗೆಥಿನನ ಕಂತು ತಿರುಗಿ ಬಂತು.
ಗೆಥಿನ್ ಕಲ್ಲು ಕೆತ್ತುವವನು.
ನನ್ನ ಇದ್ವಲನ ತಲೆಯ ಬಳಿ ನೆಡುವ ಕಲ್ಲಿಗೆ
ತಿಂಗಳಿಗೆ ನಲವತ್ತು, ಹತ್ತು ತಿಂಗಳು; ಇದು ನಾಲ್ಕನೆಯದು.
ಹಣವಿಲ್ಲವೆಂದು ಬ್ಯಾಂಕು ಬಾಗಿಲು ಹಾಕಿತು,
ಹಾಕಿದ ಕೂಲಿ ಮೂವತ್ತೆರಡು ಎಂದಿತು.
ಫೋನಿನ ಬಿಲ್ಲಿಗೂ ಬಾಗಿಲು, ಮತ್ತೆ ಮೂವತ್ತೆರಡು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ;
ಬರೆ ಎಳೆದ ಕಬ್ಬಿಣಕ್ಕೂ ಎಮ್ಮೆಯೇ ಬಾಡಿಗೆ ಕೊಡಬೇಕು.

ಕಂಪನಿಗೆ ಫೋನು ಮಾಡಿದೆ. ಐವತ್ತು ನಿಮಿಷ ಪಿಟೀಲು.
ಆಮೇಲೊಬ್ಬ ಹುಡುಗಿ, ನೆಗಡಿಯ ದನಿ:
"ಆ ಮನೆಗೆ ಎರಡು ಖಾತೆ ಕಾಣುತ್ತಿವೆ.
ಒಂದು ನಿಮ್ಮದು. ಇನ್ನೊಂದು ಇದ್ವಲ್ ಪ್ರಾಸರ್ ಅವರದು.
ಅದರ ಬಗ್ಗೆ ಅವರ ಜೊತೆಯೇ ಮಾತನಾಡಬೇಕು.
ಇದ್ದಾರೆಯೇ?"

ಹೆಸರು ಬದಲಿಸಿ ಎಂದು ಹೋದ ತಿಂಗಳು ಬರೆದಿದ್ದೆ,
ಮರಣಪತ್ರದ ನಕಲು ಇಟ್ಟು.
ಅವರು ಬದಲಿಸಲಿಲ್ಲ, ಸೇರಿಸಿದರು.
ಅವರ ಪುಸ್ತಕದಲ್ಲಿ ಅವನಿನ್ನೂ
ತನ್ನ ಪಾಲಿನ ಬಿಸಿನೀರು ಕಾಯಿಸಿಕೊಳ್ಳುತ್ತಿದ್ದಾನೆ,
ಬಚ್ಚಲಲ್ಲಿ ಎಂದಿನಂತೆ ಬಹಳ ಹೊತ್ತು ನಿಲ್ಲುತ್ತಾನೆ.

"ಇಲ್ಲಮ್ಮ," ಎಂದೆ. "ಹೊರಗೆ ಹೋಗಿದ್ದಾನೆ."
"ಎಷ್ಟೊತ್ತಿಗೆ ಬರುತ್ತಾರೆ?"
ಫೋನು ಇಟ್ಟುಬಿಟ್ಟೆ.

ಇನ್ನೊಮ್ಮೆ ಮರಣಪತ್ರ ಕಳಿಸಿದೆ.
ಒಂಬತ್ತನೇ ದಿನ ತೊಂಬತ್ತನಾಲ್ಕು ಮರಳಿತು.
ಅರವತ್ತನಾಲ್ಕು ಬ್ಯಾಂಕಿನ ವಿಷಯ, ನಮ್ಮದಲ್ಲ, ಎಂದರು.

ಬ್ಯಾಂಕಿನ ಗಾಜಿನ ಹಿಂದೆ ಯೆಸ್ಟಿನ್ ಇದ್ದ.
ಟೈ ಕಟ್ಟಿದ್ದರೂ ಗುರುತು ಸಿಕ್ಕಿತು,
ಕಿವಿ ಮುಂಚಿನ ಹಾಗೇ ಅಗಲ.
ಏಳು ವರ್ಷದವನು ರಸ್ತೆ ನಡುವೆ ಗೋಲಿ ಚೆಲ್ಲಿಕೊಂಡಿದ್ದ;
ಕೊನೆಯ ಗೋಲಿ ಹೆಕ್ಕುವತನಕ
ಎರಡೂ ಕಡೆಯ ಬಸ್ಸು ತಡೆದು ನಿಂತಿದ್ದೆ.
"ದಂಡ ನಮ್ಮದು, ತಪ್ಪು ಅವರದು," ಎಂದ ಮೆಲ್ಲಗೆ,
"ನಮ್ಮವರು ಬಿಡೋದಿಲ್ಲ. ಅವರ ಕೈಲೇ ಕೊಡಿಸೋಣ."
ಎರಡು ಸಾಲಿನ ಹಾಳೆ ತೆಗೆದು, ಗೆರೆ ಎಳೆದು, ಮುದ್ರೆ ಒತ್ತಿ,
ಹಿಂದಿನ ಸರತಿಯೆಲ್ಲ ಕೆಮ್ಮುತ್ತಿದ್ದರೂ
ಅವಸರ ಮಾಡಲಿಲ್ಲ ಹುಡುಗ.

ಬರೆದೆ: ಅರವತ್ತನಾಲ್ಕು ಪೌಂಡು, ಬಸ್ ಚಾರ್ಜು, ಅಂಚೆಚೀಟಿ.
ಐವತ್ತು ನಿಮಿಷದ ಪಿಟೀಲಿಗೆ ದರ ಹಾಕಲು ಹೋಗಿ ಬಿಟ್ಟೆ.
ಇದ್ವಲ್ ಆಗಿದ್ದರೆ ಬಿಡುತ್ತಿರಲಿಲ್ಲ.

ಮೂರನೇ ವಾರ ಬಂತು, ಚಿಲ್ಲರೆ ಸಮೇತ.
ಜೊತೆಗೆ ಪತ್ರ: ತಪ್ಪು ಸರಿಪಡಿಸಿದ್ದೇವೆ.
ಹೆಚ್ಚುವರಿ ಗ್ರಾಹಕರನ್ನು ತೆಗೆದುಹಾಕಲಾಗಿದೆ.

ಹೆಚ್ಚುವರಿ.
ಸರಿಯೇ, ಕೇಳಿದವಳು ನಾನೇ.
ಆ ಸಂಜೆ ಬಚ್ಚಲ ಬಿಸಿನೀರು ತಿರುಗಿಸಿ
ಹೊರಗೆ ಬಂದು, ಬಾಗಿಲು ಮುಚ್ಚಿ,
ಸ್ವಲ್ಪ ಹೊತ್ತು ಸದ್ದು ಕೇಳುತ್ತ ಕೂತೆ.

ಗೆಥಿನನಿಗೆ ನಲವತ್ತು ಕೈಯಲ್ಲೇ ಕೊಟ್ಟೆ.
"ಕಲ್ಲಿಗೇನು ಅವಸರ," ಎಂದ, ತೋಳಿನ ಧೂಳು ಕೊಡವುತ್ತ.
ಹೆಸರು ಆಗಲೇ ಕೆತ್ತಿ ಮುಗಿಸಿದ್ದ, ಕಂತು ಕಾಯದೆ.
ಅದರ ಕೆಳಗೆ ಅರ್ಧ ಕಲ್ಲು ನುಣ್ಣಗೆ ಖಾಲಿ.
"ಇಲ್ಲಿ..." ಎಂದವನು ನಾಲಿಗೆ ಕಚ್ಚಿಕೊಂಡ.
"ಹಾಗೇ ಇರಲಿ ಬಿಡಪ್ಪ," ಎಂದೆ,
"ಈ ಸಲ ಎರಡೂ ಒಂದೇ ತಾರೀಕಿಗೆ ಬೇಡ."

ಮೂರಕ್ಕೆ ಶಾಲೆ ಬಿಡುತ್ತದೆ.
ಕೋಲು ಬಾಗಿಲಿಗೆ ಒರಗಿಸಿದ್ದೆ, ತೆಗೆದುಕೊಂಡೆ.